ಉಯ್ಯಾಲೆಗೆ ಜಡಿದ ಬೀಗ

ಮಕ್ಕಳ ಆಟದ ಜಾಗಗಳನ್ನು ವಿನ್ಯಾಸ ಮಾಡುವುದು ನನ್ನ ಕೆಲಸ. ನಡೆಯಲಾರದವರು, ಕಣ್ಣು ಕಾಣದವರು, ಓಡಿ ಕುಣಿಯುವವರು ಎಲ್ಲರೂ ಒಟ್ಟಿಗೆ ಆಡಬೇಕೆಂಬುದು ನನ್ನ ಹಟ. ಇಂದಿರಾನಗರದ ಒಂದು ಪಾರ್ಕಿಗೆ, ವೀಲ್‌ಚೇರ್ ಸಮೇತ ಹತ್ತಿ ತೂಗುವ ಉಯ್ಯಾಲೆ ಮಾಡಿಕೊಟ್ಟೆ. ಅದು ಭಾರದ್ದು, ಪುಟ್ಟ ಮಕ್ಕಳಿಗೆ ಬಡಿಯಬಾರದೆಂದು ಸುತ್ತ ಸೊಂಟದೆತ್ತರದ ಬೇಲಿ, ಬೀಗವಿಲ್ಲದ ಗೇಟು ಎಂದು ನಕ್ಷೆಯಲ್ಲಿ ಬರೆದಿದ್ದೆ. ಬಡಾವಣೆಯ ಸಂಘದವರು ಆಳೆತ್ತರದ ಜಾಲರಿ ಕಟ್ಟಿಸಿ ಬೀಗ ಜಡಿದರು. ಮೀಟಿಂಗಿನಲ್ಲಿ ನಾನು ಗಂಟಲು ಹರಿದುಕೊಂಡಿದ್ದಷ್ಟೇ ಬಂತು. ಹೊಸ ಸೋಫಾದ ಪ್ಲಾಸ್ಟಿಕ್ ಕವರನ್ನು ವರ್ಷಗಟ್ಟಲೆ ಬಿಚ್ಚದ ಜನ ನಾವು, ಉಯ್ಯಾಲೆಯನ್ನು ಬಿಟ್ಟೇವೆಯೇ?

ನಮ್ಮ ಮನೆಗೆ ಅಡುಗೆಗೆ ಬರುವಾಕೆ ಯಾದಗಿರಿ ಕಡೆಯವಳು. ಜೋಗುಪಾಳ್ಯದ ಬಾಡಿಗೆ ರೂಮಿನಲ್ಲಿ ಅವಳ ಮಗಳು ವೀಲ್‌ಚೇರಿನಲ್ಲಿ ದಿನವಿಡೀ ಒಬ್ಬಳೇ ಕೂತಿರುತ್ತಾಳೆ. ಒಂದು ಭಾನುವಾರ ಸಂಜೆ ಇಬ್ಬರನ್ನೂ ಪಾರ್ಕಿಗೆ ಕರೆದುಕೊಂಡು ಹೋದೆ. ಹುಡುಗಿ ಉಯ್ಯಾಲೆಯ ವಿಷಯವನ್ನೇ ಎತ್ತಲಿಲ್ಲ. ದಾರಿಯುದ್ದಕ್ಕೂ ಕೇಳಿದ್ದು ಒಂದೇ, "ಅಲ್ಲಿ ಆಡಾಕ ಹುಡುಗ್ರು ಇರ್ತಾರೇನ್ರಿ?"

ವಾಚ್‌ಮನ್ ನಮ್ಮ ಮೂವರನ್ನೂ ಜಾಲರಿಯೊಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿದ.

"ಬೀಗ ಯಾಕ್ರೀ?"

"ಬೇರೆ ಮಕ್ಳು ನುಗ್ಗಿ ಮುರಿದ್ಹಾಕ್ತಾರೆ ಮೇಡಂ. ಆಡ್ತಾ ಇರಿ, ಟೀ ಕುಡಿದು ಬಂದ್ಬಿಡ್ತೀನಿ" ಎಂದವನೇ ಕೀಲಿಕೈ ಜೇಬಿಗಿಳಿಸಿ ಹೊರಟ.

ಜಾರುಬಂಡೆಯ ಮೇಲಿದ್ದ ಮಕ್ಕಳೆಲ್ಲ ಬಂದು ಜಾಲರಿಗೆ ಮುಖ ಒತ್ತಿ ನಿಂತರು. ಉಯ್ಯಾಲೆ ನಾಲ್ಕು ಸಲ ತೂಗಿತೋ ಇಲ್ಲವೋ, ಹುಡುಗಿ ಸಾಕೆಂದಳು. ಅವಳನ್ನು ಇಳಿಸಿ ಜಾಲರಿಯ ಹತ್ತಿರ ತಳ್ಳಿದೆ.

"ಒಳಗ ಬರ್ತೀಯೇನ?" ಹೊರಗಿದ್ದ ಒಬ್ಬಳನ್ನು ಕೇಳಿದಳು.

"ಬೀಗ ಹಾಕಿದಾರಲ್ಲ!"

ನಾನು ಗೇಟು ಅಲುಗಾಡಿಸಿದೆ. ಕೂಗಿದೆ. ನಾನೇ ಅಳತೆ ಕೊಟ್ಟ ಜಾಗದಲ್ಲಿ ನಾನೇ ಸಿಕ್ಕಿಬಿದ್ದಿದ್ದೆ.

"ಹೋಗ್ಲಿ ಬಿಡ್ರಿ ಅಕ್ಕಾರ, ಇಷ್ಟಾದ್ರೂ ಬಿಟ್ಟಾರಲ್ಲ" ಎಂದಳು ತಾಯಿ. ಅವಳ ಆ ಸಮಾಧಾನ ಬೀಗಕ್ಕಿಂತ ಹೆಚ್ಚು ಸಂಕಟ ಕೊಟ್ಟಿತು.

ಕತ್ತಲಾಗುವ ಹೊತ್ತಿಗೆ ವಾಚ್‌ಮನ್ ಬಾಯಿ ಒರೆಸಿಕೊಳ್ಳುತ್ತಾ ಬಂದ. ಹೊರಗಿನ ಮಕ್ಕಳನ್ನು ಒಂದು ಕೈಯಲ್ಲಿ ತಡೆದು, ವೀಲ್‌ಚೇರ್ ಹಿಡಿಸುವಷ್ಟೇ ಗೇಟು ತೆರೆದ. ನನ್ನ ನಾಲಿಗೆಯ ತುದಿಯಲ್ಲಿ ಬೈಗುಳ ಸಿದ್ಧವಾಗಿತ್ತು. ಅಷ್ಟರಲ್ಲಿ ಹುಡುಗಿ ಅವನ ಅಂಗಿ ಜಗ್ಗಿ, ಬಹಳ ಮರ್ಯಾದೆಯಿಂದ ಕೇಳಿಕೊಂಡಳು:

"ಅಣ್ಣಾರ, ಮುಂದಿನ ಸಲ ಅವ್ರನ್ನೂ ನನ್ನ ಜೋಡಿ ಒಳಗ ಹಾಕಿ ಕೀಲಿ ಹಾಕ್ರಿ."