ಅಮವಾಸ್ಯೆಯ ಅರ್ಧ ಸುತ್ತು

ಮಾನ್ವಿ ರಸ್ತೆಯಿಂದ ನೋಡಿದರೆ ಆ ಗುಡ್ಡ ಈಗಲೂ ಪೂರ್ತಿಯಾಗಿಯೇ ಕಾಣುತ್ತದೆ. ಇದನ್ನು ಮೊದಲು ಹೇಳಬೇಕು. ನಾವು ಮೂವರೂ ಅದನ್ನು ನಂಬಿಯೇ ಹತ್ತಿದೆವು.

ನಾನು ರಾಯಚೂರಿನಿಂದ ಬಂದಿದ್ದೆ, ಅಕ್ಕ ಮತ್ತು ಭಾವ ದೇವದುರ್ಗದಿಂದ. ಅವ್ವ ಇದ್ದಾಗ ವರ್ಷಕ್ಕೊಂದು ಅಮವಾಸ್ಯೆಗೆ ನಮ್ಮನ್ನು ಇಲ್ಲಿಗೆ ಕರೆತರುತ್ತಿದ್ದಳು. ತುದಿಯಲ್ಲಿ ಮನೆಯಷ್ಟು ದೊಡ್ಡ ಗುಂಡುಕಲ್ಲಿದೆ. ಅದರ ಮೇಲೆ ಯಾರೋ ಬಳಿದ ವಿಭೂತಿಯ ಪಟ್ಟೆ. ಗುಡಿಯಿಲ್ಲ, ಪೂಜಾರಿಯಿಲ್ಲ. ಚಪ್ಪಲಿ ಬಿಟ್ಟು, ಕೈ ಮುಗಿದು, ಕಣ್ಣು ಮುಚ್ಚಿ, ಭುಜಕ್ಕೆ ಕಲ್ಲು ತಾಗಿಸಿಕೊಂಡು, ಅರ್ಧಕ್ಕೆ ತಿರುಗದೆ ಒಂದು ಸುತ್ತು ಬರಬೇಕು. ಅವ್ವ ಕಲಿಸಿದ್ದು ಅಷ್ಟೇ. ಅವಳು ಹೋದ ಮೇಲೆ ನಾವು ಹತ್ತಿರಲಿಲ್ಲ.

ದೊಡ್ಡ ಗುಡ್ಡವೇನಲ್ಲ. ಆದರೂ ಅರ್ಧ ದಾರಿಯಲ್ಲಿ ಭಾವ ಬಂಡೆಗೆ ಒರಗಿ ನಿಂತರು.

"ಮ್ಯಾಲ ಚಾದ ಅಂಗಡಿ ಇರಲಿಲ್ಲಂದ್ರ ನಾ ಇಲ್ಲಿಂದನ ಕೈ ಮುಗೀತೀನಿ."

"ಒಗ್ಗರಣಿ ಮಿರ್ಚಿ ಡಬ್ಬಿ ನಿಮ್ಮ ಹೆಗಲಿಗೆ ಅದ," ಅಂದಳು ಅಕ್ಕ. "ನೀವು ಕುಂತ್ರ ನಮಗೂ ಉಪವಾಸ. ನಡೀರಿ."

ತುದಿ ಮುಟ್ಟಿದಾಗ ಗಾಳಿ ತಂಪಾಗಿತ್ತು. ಕೆಳಗೆ ಭತ್ತದ ಹಸಿರು, ಅದನ್ನು ಸೀಳಿಕೊಂಡು ಹೋದ ಕಾಲುವೆ, ಅಕ್ಕಿ ಗಿರಣಿಗಳ ಚಿಮಣಿ, ದೂರದಲ್ಲಿ ತುಂಗಭದ್ರೆಯ ಬಿಳಿ ಗೆರೆ. ಭಾವ ಡಬ್ಬಿ ಇಳಿಸಿ ಕುಳಿತರು. ನಾನು ಊರುಗಳನ್ನು ಗುರುತು ಹಿಡಿಯುತ್ತ ನಿಂತೆ. ಅಕ್ಕ ಚಪ್ಪಲಿ ಬಿಟ್ಟು ಸುತ್ತಿಗೆ ಹೊರಟಳು. ಅವಳ ಬಳೆಗಳ ಸದ್ದು ಕಲ್ಲಿನ ಹಿಂದಕ್ಕೆ ಹೋಯಿತು.

ಆಮೇಲೆ ಸದ್ದು ನಿಂತಿತು.

"ತಮ್ಮಾ, ಬರಬ್ಯಾಡ."

ದನಿ ಜೋರಾಗಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಕಲ್ಲು ಹಿಡಿದುಕೊಂಡು ತಿರುವಿನ ತನಕ ಹೋದೆ. ಕಂಡದ್ದನ್ನಷ್ಟೇ ಬರೆಯುತ್ತೇನೆ. ಅಕ್ಕ ಬೆನ್ನನ್ನು ಗುಂಡುಕಲ್ಲಿಗೆ ಒತ್ತಿ, ಎರಡೂ ಅಂಗೈ ಚಾಚಿ ನಿಂತಿದ್ದಳು. ಅವಳ ಪಾದದ ಮುಂದೆ ಒಂದು ಗೇಣು ಬಂಡೆ. ಅದರಾಚೆ ಗುಡ್ಡ ಇರಲಿಲ್ಲ. ನಾವು ಚಿಕ್ಕವರಿದ್ದಾಗ ಓಡಾಡಿದ ಹಾಸುಬಂಡೆ, ಅದರ ಬಿರುಕಿನಲ್ಲಿದ್ದ ಬೇವಿನ ಗಿಡ, ಇಳಿಜಾರು, ಯಾವುದೂ ಇರಲಿಲ್ಲ. ಗೋಡೆಯಂತೆ ಕೊಯ್ದ ಕಲ್ಲು, ಅದರ ಮೈತುಂಬ ಸಾಲಾಗಿ ಕೊರೆದ ತೂತುಗಳ ಗುರುತು. ತೀರ ಕೆಳಗೆ ಹಸಿರುಗಟ್ಟಿದ ನೀರು. ಅದರ ಪಕ್ಕ ಆಟಿಕೆಯಷ್ಟೇ ಕಾಣುವ ಒಂದು ಜೆಸಿಬಿ, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದರೋ ಏನೋ, ಅಷ್ಟು ಎತ್ತರದಿಂದ ಕಾಣಲಿಲ್ಲ. ಅಮವಾಸ್ಯೆಯೆಂದು ಕಲ್ಲು ಕ್ವಾರಿಯ ಕೆಲಸ ನಿಂತಿತ್ತು. ಹತ್ತುವಾಗ ಒಂದು ಸದ್ದೂ ಕೇಳದಿದ್ದದ್ದು ಅದಕ್ಕೆ.

"ಅಕ್ಕಾ, ಬಂದ ದಾರಿಗೇ ಹಿಂದಕ್ಕ ಬಾ. ಸಾವಕಾಶ."

ಅವಳು ಸುತ್ತು ಮುಂದುವರಿಯುವ ಕಡೆಗೆ ನೋಡಿದಳು. ಆ ಕಡೆ ಬಂಡೆಯ ಅಂಚು ಇನ್ನೂ ಸಣ್ಣದಾಗಿ, ಕಲ್ಲಿನ ಹೊಟ್ಟೆಯ ಕೆಳಗೆ ಮುಗಿದೇ ಹೋಗಿತ್ತು.

"ಅರ್ಧಕ್ಕ ತಿರುಗಬಾರದೋ," ಅಂದಳು. "ಅವ್ವ ಏನು ಹೇಳಿದ್ಲು? ಇನ್ನು ಸ್ವಲ್ಪ ಅದ. ಕಲ್ಲು ಹಿಡಕೊಂಡು ದಾಟತೀನಿ."

ಅವಳ ಬಲಗಾಲು ಆಚೆಗೆ ಸರಿಯಿತು. ಚೂರುಕಲ್ಲೊಂದು ಉರುಳಿತು. ಅದು ನೀರಿಗೆ ಬಿದ್ದ ಸದ್ದು ಬರಲು ತಡವಾಯಿತು.

ಹಿಂದಿನಿಂದ ಭಾವ ಹೇಳಿದರು. ಆ ದನಿಯಲ್ಲಿ ತಮಾಷೆ ಇರಲಿಲ್ಲ. "ಕೆಳಗ ನೋಡಬ್ಯಾಡ, ನಾ ಹೇಳೋದು ಕೇಳು. ಶಿವನ ಗುಡಿಯಾಗ ಏನು ಮಾಡತೀವಿ? ಅಭಿಷೇಕದ ನೀರು ಹರಿಯೋ ತಾವ ದಾಟತೀವೇನು? ಅಲ್ಲಿತನ ಹೋಗಿ ತಿರುಗತೀವಿ. ಇಲ್ಲೂ ನೀರು ಬಂದದ. ನೀರು ದಾಟಬ್ಯಾಡ. ತಿರುಗು."

ಅಕ್ಕ ಕಾಲನ್ನು ಹಿಂದಕ್ಕೆಳೆದುಕೊಂಡಳು. ಬೆನ್ನನ್ನು ಕಲ್ಲಿನಿಂದ ಬಿಡಿಸದೆ, ಒಂದೊಂದೇ ಪಾದ ಸರಿಸುತ್ತ ಬಂದಳು. ಕೈಗೆ ಸಿಕ್ಕ ಕೂಡಲೇ ನಾನು ಅವಳ ಮುಂಗೈ ಹಿಡಿದೆ. ಎರಡು ಬಳೆ ಒಡೆದವು.

ಡಬ್ಬಿಯನ್ನು ಯಾರೂ ತೆರೆಯಲಿಲ್ಲ. "ಅಂಗಾಲಿಗೆ ಕಲ್ಲಿನ ಚೂರು ಚುಚ್ಚಿದ್ದಕ್ಕ ಕಣ್ಣು ತೆರದೆ, ನುಣ್ಣನ ಬಂಡಿ ಹಿಂಗ್ಯಾಕ ಚುಚ್ಚತದಂತ," ಎಂದಳು ಅಕ್ಕ. ಅದನ್ನೇ ಮತ್ತೆ ಮತ್ತೆ ಹೇಳಿದಳು.

ಇಳಿಯೋಣವೆಂದು ಎದ್ದರೆ ಅವಳು ಏಳಲಿಲ್ಲ.

"ನಾಳೆ ಯಾರರೆ ಬರ್ತಾರ," ಅಂದಳು. "ಅವರೂ ಕಣ್ಣು ಮುಚ್ಚಿಕೊಂಡೇ ಬರ್ತಾರ."

ಬಿಸಿಲೇರುವ ತನಕ ನಾವು ಜಾಲಿಯ ಮುಳ್ಳುಕೊಂಬೆ ಎಳೆದು ತಂದು ಗುಂಡುಕಲ್ಲಿನ ಎರಡೂ ಪಕ್ಕಕ್ಕೆ ಒಡ್ಡಿದೆವು. ಭಾವ ಮೇಲೆ ಕಲ್ಲು ಹೇರಿದರು. ವಿಭೂತಿಯ ಪಟ್ಟೆಯ ಮುಂದೆ ಮಾತ್ರ ಒಬ್ಬರು ನಿಂತು ಕೈ ಮುಗಿಯುವಷ್ಟು ಜಾಗ ಬಿಡಿಸಿದಳು ಅಕ್ಕ.