ಚಿಕ್ಕಮ್ಮನ ನಂಬರು ಮಾವನ ಜೇಬಿನಲ್ಲಿ

ಧನಗೆರೆಯ ನಮ್ಮ ನೆಂಟರಿಷ್ಟರೆಲ್ಲ ಒಮ್ಮತದಿಂದ ಹೇಳುವ ಕತೆ ಇದು: ಪುಟ್ಟಸಿದ್ದಮ್ಮನ ಫೋನಿನಲ್ಲಿ ವಿಡಿಯೊ ಕಾಲ್ ಶುರುವಾಗದೆ ಹೋದದ್ದು ನೆಟ್‌ವರ್ಕ್ ಸರಿಯಿಲ್ಲದೆ, ಮಗಳಿರುವ ಹೂಗ್ಯಂ ಮೊದಲೇ ಕಾಡಂಚಿನ ಊರು, ಅಲ್ಲಿ ಟವರ್ ಸಿಗುವುದೂ ಒಂದೇ, ಸಿಗದಿರುವುದೂ ಒಂದೇ, ಸಾಲದ್ದಕ್ಕೆ ಪುಟ್ಟಸಿದ್ದಮ್ಮನಿಗೆ ಹುಟ್ಟುಕಿವುಡು, ಅಂಥವಳಿಗೆ ಟಚ್ ಫೋನು ಒಗ್ಗುವುದಾದರೂ ಹೇಗೆ? ಇಷ್ಟು ಜನ ಇಷ್ಟು ಬೇಗ ಒಂದೇ ಮಾತಿಗೆ ಬಂದು ನಿಂತರೆ ನನಗೆ ಮೊದಲು ಹುಟ್ಟುವುದು ಅನುಮಾನ. ಕೊಳ್ಳೇಗಾಲದ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲೇ ಕಳೆದವಳು ನಾನು. ಎದುರಾಳಿ ಗಟ್ಟಿಯಾಗಿ ಹೇಳಿದ್ದನ್ನಲ್ಲ, ಹೇಳದೆ ಜಾರಿಸಿದ್ದನ್ನು ಹಿಡಿ ಎಂದು ಅಲ್ಲಿ ನಮಗೆ ಕಲಿಸಿದ್ದರು. ಈ ಕತೆಯಲ್ಲಿ ಟವರಿನ ಮೇಲೆ ದೂರಿದೆ, ಕಾಡಿನ ಮೇಲೆ ದೂರಿದೆ, ಕಿವಿಯ ಮೇಲೂ ದೂರಿದೆ. ಮನುಷ್ಯರ ಮೇಲೆ ಮಾತ್ರ ಇಲ್ಲ. ಅದು ಹೇಗೆ ಸಾಧ್ಯ, ನೀವೇ ಹೇಳಿ.

ಪುಟ್ಟಸಿದ್ದಮ್ಮ ನನ್ನ ತಾಯಿಯ ತಂಗಿ, ನನಗೆ ಚಿಕ್ಕಮ್ಮ. ಗಂಡ ತೀರಿಕೊಂಡ ಮೇಲೆ, ಇನ್ನೂ ತೊಟ್ಟಿಲಲ್ಲಿದ್ದ ಮಗಳು ಮಂಜುಳನನ್ನು ಎತ್ತಿಕೊಂಡು ಧನಗೆರೆಯ ತವರಿಗೆ ಬಂದವಳು, ಅಂದಿನಿಂದ ಅಣ್ಣನ, ಅಂದರೆ ನನ್ನ ಸೋದರಮಾವನ, ಮನೆಯಲ್ಲಿದ್ದಾಳೆ. ಊರು ಅವಳನ್ನು ಕರೆಯುವುದು ಮೂಗಿ ಎಂದು. ಮುಖದೆದುರಿಗೇ ಕರೆಯುತ್ತಾರೆ, ಕೇಳಿಸುವುದಿಲ್ಲವಲ್ಲ ಎಂಬ ಧೈರ್ಯದಿಂದ. ಆದರೆ ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವವಳು ಅವಳೇ, ಮಂಜುಳ ಎದುರಿಗಿದ್ದರೆ. ತಾಯಿಮಗಳು ಇಬ್ಬರೇ ಕೂಡಿ ಕಟ್ಟಿಕೊಂಡ ಒಂದು ಕೈಭಾಷೆಯಿದೆ. ಮೀಸೆ ತಿರುವಿದರೆ ಮಾವ. ಗಲ್ಲದ ಮಚ್ಚೆ ಮುಟ್ಟಿದರೆ ಮಂಜುಳ. ಬೆರಳುಗಳನ್ನು ಕೊಕ್ಕಿನ ಹಾಗೆ ಜೋಡಿಸಿ ಬಾಯಿಯ ಪಕ್ಕದಲ್ಲಿ ಪಟಪಟನೆ ಬಡಿದರೆ ಅದು ನಾನು! ಇದರಲ್ಲಿ ಅಗೌರವವೇನೂ ಇಲ್ಲವೆಂದು ಮಂಜುಳ ಪ್ರಮಾಣ ಮಾಡಿ ಹೇಳಿದ್ದಾಳೆ. ನಾನು ಅದನ್ನೂ ನಂಬಿಲ್ಲ.

ಕಳೆದ ವರ್ಷ ಮಂಜುಳನ ಮದುವೆಯಾಗಿ ಅವಳು ಹನೂರಿನಾಚೆಯ ಹೂಗ್ಯಂ ಸೇರಿದಳು. ಅಂದಿನಿಂದ ಚಿಕ್ಕಮ್ಮನ ಕೈಗಳು ರಾಗಿ ಹಸನು ಮಾಡುತ್ತವೆ, ಸಗಣಿ ಬಾಚುತ್ತವೆ, ಮುದ್ದೆ ತಿರುವುತ್ತವೆ, ಮಾತಾಡುವುದಿಲ್ಲ. ಮಂಜುಳ ಫೋನ್ ಮಾಡಿದರೆ ಎತ್ತುವುದು ಮಾವ. "ನಿಮ್ಮವ್ವ ಚೆನ್ನಾಗವ್ಳೆ ಕಣಮ್ಮಿ" ಎಂದು ಅತ್ತ ಹೇಳಿ, ಇತ್ತ ತಂಗಿಯ ಕಡೆ ಹೆಬ್ಬೆಟ್ಟೆತ್ತಿ ತೋರಿಸುತ್ತಾರೆ, ಮಗಳೂ ಚೆನ್ನಾಗಿದ್ದಾಳೆಂದು. ಒಂದು ವರ್ಷ ಪೂರ್ತಿ ತಾಯಿಗೂ ಮಗಳಿಗೂ ನಡುವೆ ನಡೆದ ಸಂಭಾಷಣೆಯೆಂದರೆ ಮಾವನ ಒಂದು ಹೆಬ್ಬೆಟ್ಟು.

ಈಗ ಮಂಜುಳನಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬುದು ನಮ್ಮಲ್ಲಿ ಎಲ್ಲರೂ ಒಪ್ಪಿದ ಪದ್ಧತಿ. ಆದರೆ ಈ ಸಲ ಏನೋ ಅನುಮಾನದ ಮಾತು ನಡೆದಿತ್ತು. ಬುಧವಾರ ಬೀಗರು ಬಂದು ಬಾಣಂತನ ಎಲ್ಲಿ ಎಂಬುದನ್ನು ತೀರ್ಮಾನಿಸುವವರಿದ್ದರು. ಅದಕ್ಕೆ ಮುಂಚಿನ ವಾರ ಮಂಜುಳ ಗಂಡನ ಫೋನಿನಿಂದ ನನಗೆ ಕರೆ ಮಾಡಿದಳು. "ಅಕ್ಕ, ನಂಗೆ ಅವ್ವನ ಕೈ ನೋಡ್ಬೇಕು. ಮಾವ ಯೋಳೋದು ಬ್ಯಾಡ, ಅವ್ವನ ಕೈ ಏನ್ ಯೋಳ್ತದೆ ನಾನೇ ನೋಡ್ಬೇಕು." ಅಷ್ಟು ಹೊತ್ತಿಗಾಗಲೇ ಅವಳು ತನ್ನ ಟಚ್ ಫೋನನ್ನೇ ಹಳೆಯ ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಬಂದ ಊರಿನವರೊಬ್ಬರ ಕೈಯಲ್ಲಿ ತಾಯಿಗೆ ಕಳಿಸಿಬಿಟ್ಟಿದ್ದಳು. ಅದು ಧನಗೆರೆಯ ಗೋಡೆಗೂಡಿನಲ್ಲಿ ದೇವರ ಪಟದ ಪಕ್ಕ ಕೂತಿತ್ತು. ಚಿಕ್ಕಮ್ಮ ದಿನಕ್ಕೊಂದು ಸಲ ಅದರ ಧೂಳು ಒರೆಸುತ್ತಿದ್ದಳು.

ಭಾನುವಾರ ನಾನು ನಾನಿರುವ ಮಾಂಬಳ್ಳಿಯಿಂದ ಹೊರಟು ಧನಗೆರೆಗೆ ಬಂದೆ. ಫೋನಿನಲ್ಲಿ ವಿಡಿಯೊ ಕಾಲ್ ಆ್ಯಪ್ ಹಾಕಿದೆ, ನನ್ನ ಮೊಬೈಲಿನಿಂದಲೇ ನೆಟ್ ಕೊಟ್ಟೆ. 'ನಿಮ್ಮ ಸಂಖ್ಯೆಯನ್ನು ದೃಢೀಕರಿಸಿ' ಎಂದಿತು ಆ್ಯಪ್. ಚಿಕ್ಕಮ್ಮನಿಗೂ ಒಂದು ಸಂಖ್ಯೆಯಿದೆ, ಅವಳ ಹೆಸರಿನಲ್ಲೇ ಇದೆ, ಅವಳ ಆಧಾರ್ ಕೊಟ್ಟು ಕೊಂಡದ್ದು. ಇರುವುದು ಮಾತ್ರ ಮಾವನ ಅಂಗಿಯ ಜೇಬಿನಲ್ಲಿ, ತಮ್ಮ ಸ್ವಂತ ಫೋನಿನ ಜೊತೆಗೆ ಅವರು ಇಟ್ಟುಕೊಂಡಿರುವ ಇನ್ನೊಂದು ಬಟನ್ ಫೋನಿನೊಳಗೆ. ಸಿಮ್ ತೆಗೆದು ಕೊಡಿ ಮಾವ ಎಂದರೆ, "ಅದ್ಯಾಕಮ್ಮಿ? ಪಿಂಚಣಿ ಮೆಸೇಜ್ ಎಲ್ಲ ಇದ್ರಲ್ಲೇ ಬರೋದು. ರಿಂಗಾದ್ರೆ ಅವಳ್ಗೆ ಕೇಳ್ಸದಾ? ನನ್ ತಾವ ಇದ್ರೆ ಯಾರಾದ್ರೂ ಮಾಡ್ದಾಗ ಎತ್ತಿ ಉತ್ರನಾದ್ರೂ ಕೊಡ್ತೀನಿ" ಎಂದರು. ಅವರ ದೃಷ್ಟಿಯಲ್ಲಿ ಇದು ಅಧಿಕಾರವಲ್ಲ, ಸೇವೆ. ಹಾಗೆ ಹೇಳಿ ತೋಟದ ಕಡೆ ಹೊರಟರು.

ಸರಿ, ಸಿಮ್ ಅಲ್ಲೇ ಇರಲಿ, ಗುಪ್ತಸಂಖ್ಯೆ ಬಂದರೆ ಮಾವ ಓದಿ ಹೇಳಿದರಾಯಿತೆಂದು ಮೆಸೇಜಿಗೆ ಒತ್ತಿದೆ. ಬರಲಿಲ್ಲ. ಮತ್ತೆ ಒತ್ತಿದೆ. ನನ್ನ ಫೋನಿನಿಂದ ಮಾವನ ಸ್ವಂತ ನಂಬರಿಗೆ ಕರೆ ಮಾಡಿ "ಮೆಸೇಜ್ ಬಂತಾ ಮಾವ?" ಎಂದರೆ "ಇಲ್ಲ ಕಣಮ್ಮಿ" ಎಂಬ ಉತ್ತರ. ಆ್ಯಪ್ ಇನ್ನೊಂದು ದಾರಿ ತೋರಿಸಿತು: 'ಮೆಸೇಜ್ ತಲುಪದಿದ್ದರೆ ನಾವೇ ಕರೆ ಮಾಡಿ ಸಂಖ್ಯೆಯನ್ನು ಓದಿ ಹೇಳುತ್ತೇವೆ.' ಅದನ್ನೂ ಒತ್ತಿದೆ, ನಾಲ್ಕು ಸಲ. ಪ್ರತಿ ಸಲವೂ ಮಾವನನ್ನು ವಿಚಾರಿಸಿದೆ: "ಮೆಸೇಜ್ ಬಂತಾ?" "ಇಲ್ಲ." ಕೊನೆಗೆ ಆ್ಯಪ್ ಸಿಟ್ಟಾಗಿ, ಹನ್ನೆರಡು ಗಂಟೆ ಬಿಟ್ಟು ಬನ್ನಿ ಎಂದು ಬಾಗಿಲು ಹಾಕಿಕೊಂಡಿತು. ಚಿಕ್ಕಮ್ಮ ನನ್ನ ಪಕ್ಕದಲ್ಲೇ ಕೂತು ತೆರೆಯನ್ನೇ ನೋಡುತ್ತಿದ್ದವಳು ಗಲ್ಲ ಮುಟ್ಟಿ, ಅಂಗೈ ಮಗುಚಿದಳು. ಮಂಜುಳ ಎಲ್ಲಿ?

ನಿನ್ನ ಫೋನಿನಿಂದಲೇ ಮಗಳ ಮುಖ ತೋರಿಸಬಹುದಿತ್ತಲ್ಲ ಎಂದು ನೀವು ಕೇಳುವುದಕ್ಕೆ ಮೊದಲೇ ಉತ್ತರಿಸಿಬಿಡುತ್ತೇನೆ. ಆ ಭಾನುವಾರ ಮಂಜುಳನ ಗಂಡ ಮನೆಯ ಒಂದೇ ಒಂದು ಫೋನನ್ನು ಜೇಬಿಗಿಳಿಸಿ ಗಡಿಯಾಚೆಯ ನೆಂಟರ ಮದುವೆಗೆ ಹೋಗಿದ್ದ. ಅದೂ ಇರಲಿ, ತಾಯಿ ಮಗಳೊಡನೆ ಮಾತಾಡುವುದಕ್ಕೆ ನನಗೆ ಬಿಡುವಾಗುವ ಭಾನುವಾರಗಳನ್ನು ಕಾಯಬೇಕೆಂದರೆ, ಮಾವನ ಜೇಬಿಗೂ ನನ್ನ ಕೈಚೀಲಕ್ಕೂ ಏನು ವ್ಯತ್ಯಾಸ?

ನಾನು ಆ ದಿನ ಧನಗೆರೆಯಲ್ಲೇ ಉಳಿದೆ. ಸೋಮವಾರ ಬೆಳಿಗ್ಗೆ ಮಾವನ ಕೈಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿ ಆ ಬಟನ್ ಫೋನನ್ನು ಅರ್ಧ ದಿನದ ಮಟ್ಟಿಗೆ ಪಡೆದು, ಚಿಕ್ಕಮ್ಮನನ್ನು ಕರೆದುಕೊಂಡು ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಬಳಿಯ ಮೊಬೈಲ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ನಾಗೇಶಣ್ಣ, ಮೆಸೇಜ್ ಬರುತ್ತಿಲ್ಲವೆಂದರೆ ಸಿಮ್ಮಿನದೇ ತೊಂದರೆ ಇರಬೇಕೆಂದು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ನನಗೆ ಕೊಟ್ಟ. ಒಂದು ಒತ್ತಿ, ಎರಡು ಒತ್ತಿ, ಒಂಬತ್ತು ಒತ್ತಿ, ಹತ್ತು ನಿಮಿಷ ಪೀಪಿ ಕೇಳಿದ ಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಳು.

"ಮೇಡಂ, ಸಿಮ್ ಯಾರ ಹೆಸರಲ್ಲಿದೆಯೋ ಅವರೇ ಮಾತಾಡಬೇಕು."

"ಅವರಿಗೆ ಕಿವಿ ಕೇಳಿಸುವುದಿಲ್ಲ, ಮಾತೂ ಬರುವುದಿಲ್ಲ. ಪಕ್ಕದಲ್ಲೇ ಇದ್ದಾರೆ."

"ಸರಿ ಮೇಡಂ. ಅವರೇ ಫೋನ್ ತಗೊಂಡು, ನಿಮಗೆ ಮಾತಾಡೋಕೆ ಅನುಮತಿ ಇದೆ ಅಂತ ಒಂದು ಸಲ ಹೇಳಲಿ, ಸಾಕು."

ಕೇಳಿದಿರಾ? ಮಾತು ಬಾರದವಳು ತನಗೆ ಮಾತು ಬಾರದೆಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ಬೇರೆಯವರು ಅವಳ ಪರವಾಗಿ ಮಾತಾಡಬಹುದು! ಈ ನಿಯಮ ಬರೆದವರು ದಡ್ಡರಲ್ಲ, ಚೆನ್ನಾಗಿ ಓದಿದವರೇ. ಆದರೆ ಮನುಷ್ಯನೆಂದರೆ ಎರಡು ಕಿವಿ, ಒಂದು ನಾಲಗೆ ಇದ್ದೇ ಇರುವ ಪ್ರಾಣಿಯೆಂದು ತೀರ್ಮಾನಿಸಿಬಿಟ್ಟು, ಆಮೇಲೆ ಬರೆಯಲು ಕೂತವರು. ಕಣ್ಣಿಗಾಗಿಯೇ ಹುಟ್ಟಿದ ಒಂದು ಸೌಲಭ್ಯದ ಬಾಗಿಲಲ್ಲಿ ಕಿವಿಯನ್ನು ಕಾವಲಿಗೆ ನಿಲ್ಲಿಸಿದ್ದಾರೆ. ನನ್ನ ದನಿ ಏರಿತು, ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಚಿಕ್ಕಮ್ಮ ಕೊಕ್ಕಿನ ಹಾಗೆ ಬೆರಳು ಜೋಡಿಸಿ ನಾಗೇಶಣ್ಣನಿಗೆ ನನ್ನ ಪರಿಚಯ ಮಾಡಿಕೊಟ್ಟಳು. ಅವನು ನಕ್ಕ.

ಅಷ್ಟರಲ್ಲಿ ಅವನು ಬಟನ್ ಫೋನನ್ನು ತಿರುವಿ ನೋಡುತ್ತಿದ್ದ. "ಇಲ್ನೋಡಿ ಮೇಡಂ, ಇನ್‌ಬಾಕ್ಸ್ ತುಂಬೋಗದೆ. ಒಂದೂ ಅಳಿಸಿಲ್ಲ, ಇನ್ನೆಲ್ಲಿಗೆ ಬಂದಾತು ಹೊಸ ಮೆಸೇಜು? ಆದ್ರೆ ಕಾಲ್ ಬಂದವೆ. ನೆನ್ನೆ ನಾಕ್ ಸಲ, ಒಂದೇ ಥರದ ನಂಬರಿಂದ. ನಾಕನ್ನೂ ಎತ್ತವ್ರೆ."

ನಾಲ್ಕನ್ನೂ ಎತ್ತಿದ್ದಾರೆ! ಅಲ್ಲಿಂದಲೇ ಮಾವನಿಗೆ ಕರೆ ಮಾಡಿದೆ.

"ಊ ಕಣಮ್ಮಿ, ಬಂದಿತ್ತು. ಯಾವಳೋ ಇಂಗ್ಲೀಸಲ್ಲಿ ಲೆಕ್ಕ ಓದ್ತಿದ್ಲು. ಇದು ನಮ್ಮ ಮೂಗಿ ನಂಬರ್ ಕಣವ್ವ, ಅವಳ್ಗೆ ಕಿವಿ ಕೇಳಕ್ಕಿಲ್ಲ, ಏನಿದ್ರೂ ನಂಗೇ ಯೋಳು ಅಂದೆ. ಮತ್ತೂ ಅದ್ನೇ ಓದ್ತಾಳೆ! ಒಂಚೂರೂ ಮರ್ವಾದೆ ಇಲ್ಲ. ಬ್ಯಾಂಕಲ್ಲಿ ಯೋಳವ್ರಲ್ಲ, ಯಾರಾದ್ರೂ ನಂಬರ್ ಗಿಂಬರ್ ಅಂದ್ರೆ ಫೋನ್ ಮಡುಗ್ಬುಡಿ ಅಂತವ. ಮಡುಗ್ದೆ."

"ನನಗೆ ಯಾಕೆ ಹೇಳಲಿಲ್ಲ ಮಾವ?"

"ನೀ ಕೇಳಿದ್ದು ಮೆಸೇಜ್ ಬಂತಾ ಅಂತವ."

ಅವರ ವಾದದಲ್ಲಿ ಲೋಪವಿರಲಿಲ್ಲ. ಚರ್ಚೆಯಲ್ಲಿ ಕಪ್ಪು ಗೆದ್ದವಳು ನಾಲ್ಕು ಸಲವೂ ತಪ್ಪು ಪ್ರಶ್ನೆಯನ್ನೇ ಕೇಳಿದ್ದೆ. ಆ ಕಪ್ಪುಗಳಲ್ಲಿ ಒಂದು, ಹೇಳಲು ನಾಚಿಕೆಯಾಗುತ್ತದೆ, ಅಂಗವಿಕಲರ ಹಕ್ಕುಗಳ ಬಗ್ಗೆ ಐದು ನಿಮಿಷ ಗುಡುಗಿದ್ದಕ್ಕೆ ಬಂದದ್ದು. ಅಂದು ನನಗೆ ಚಿಕ್ಕಮ್ಮನ ಹತ್ತು ಸನ್ನೆಗಳೂ ತಿಳಿದಿರಲಿಲ್ಲ. ಇಂದಿಗೂ ಇಪ್ಪತ್ತು ದಾಟಿಲ್ಲ. ಒಬ್ಬರ ಪರವಾಗಿ ಮಾತಾಡುವುದು ಎಷ್ಟು ಸುಲಭ, ಎಷ್ಟು ಹಿತ, ಅದರಲ್ಲೂ ಅವರಿಗೆ ಅದು ಕೇಳಿಸುವುದಿಲ್ಲವೆಂದು ಖಾತ್ರಿಯಾದರೆ! ಮಾವ ಕೆಟ್ಟವರಲ್ಲ. ತಂಗಿಗೆ ಅನ್ನಕ್ಕೆ, ಬಟ್ಟೆಗೆ ಒಂದು ದಿನ ಕಡಿಮೆ ಮಾಡಿದವರಲ್ಲ. ಮಂಜುಳನ ಮದುವೆಯಲ್ಲಿ ಅಪ್ಪನ ಸ್ಥಾನದಲ್ಲಿ ನಿಂತು ಧಾರೆಯೆರೆದವರು. ಅದಕ್ಕೇ ನನ್ನ ಸಿಟ್ಟು ಹೆಚ್ಚು. ಕೆಟ್ಟವರಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಒಳ್ಳೆಯತನದಿಂದಲೇ ಒಬ್ಬಳ ಬಾಯಾಗಿ ಕೂತುಬಿಟ್ಟವರನ್ನು ಎಬ್ಬಿಸುವುದು ಹೇಗೆ?

ನಾಗೇಶಣ್ಣ ಎರಡೇ ನಿಮಿಷದಲ್ಲಿ ಕೆಲಸ ಮುಗಿಸಿದ. ಸಿಮ್ ಅನ್ನು ಬಟನ್ ಫೋನಿನಿಂದ ತೆಗೆದು ಚಿಕ್ಕಮ್ಮನ ಫೋನಿಗೆ ಹಾಕಿದ, ನೆಟ್ ಹಾಕಿದ, ಹೊಸ ಮೆಸೇಜಿಗೆ ಒತ್ತಿದ. ಆರಂಕಿ ಬಂದವು. ಚಿಕ್ಕಮ್ಮನ ತೋರುಬೆರಳು ಹಿಡಿದು ಒಂದೊಂದನ್ನೂ ಅವಳ ಕೈಯಿಂದಲೇ ಒತ್ತಿಸಿದೆ. ಹಸಿರು ಗುರುತು ಮೂಡಿತು. ಅವಳು ಅಂಗಡಿಯಲ್ಲಿದ್ದವರಿಗೆಲ್ಲ ಆ ಗುರುತನ್ನು ತೋರಿಸಿದಳು.

ಸಂಜೆ ಧನಗೆರೆಯ ಜಗಲಿಯಲ್ಲಿ ಫೋನನ್ನು ಹಿತ್ತಾಳೆ ಚೊಂಬಿಗೆ ಒರಗಿಸಿ ನಿಲ್ಲಿಸಿದೆವು; ಮಾತಾಡಲು ಎರಡೂ ಕೈ ಬೇಕಲ್ಲ. ಮಾವ ಖಾಲಿ ಬಟನ್ ಫೋನನ್ನು ಮುಖ ಸಿಂಡರಿಸಿಕೊಂಡು ಜೇಬಿಗೆ ಹಾಕಿ, ಪಕ್ಕದಲ್ಲಿ ನಿಂತರು. ಹೂಗ್ಯಂನಿಂದ ಮಂಜುಳ ಕಾಣಿಸಿಕೊಂಡಳು. ಅಲ್ಲಿ ಫೋನ್ ಹಿಡಿದು ನಿಂತವನು ಮದುವೆ ಮುಗಿಸಿ ಬಂದಿದ್ದ ಅವಳ ಗಂಡ. ಚಿಕ್ಕಮ್ಮ ಮಗಳ ಹೊಟ್ಟೆಯನ್ನು ತೆರೆಯ ಮೇಲೆಯೇ ಮುಟ್ಟಿದಳು. ಆಮೇಲೆ ಎರಡೂ ಕಡೆ ಕೈಗಳು ಹಾರಾಡತೊಡಗಿದವು. ನನ್ನ ಇಪ್ಪತ್ತು ಸನ್ನೆಗಳ ವಿದ್ಯೆ ಆ ಹೊಳೆಯಲ್ಲಿ ಕೊಚ್ಚಿಹೋಯಿತು. ಒಂದು ಕಡೆ ಮಾತ್ರ ಚಿಕ್ಕಮ್ಮನ ಕೈಗಳು ಗಕ್ಕನೆ ನಿಂತವು. ಅರ್ಥವಾಗದವಳ ಹಾಗೆ ನನ್ನತ್ತ ತಿರುಗಿದಳು.

ಮಂಜುಳ ಅಲ್ಲಿಂದ ಬಾಯಲ್ಲೇ ಹೇಳಿದಳು: "ಅಕ್ಕ, ಬಾಣಂತನ ನನ್ ಕೈಲಾಗದಿಲ್ಲ, ಮಗ್ಳು ಅಲ್ಲೇ ಇರ್ಲಿ ಅಂತ ಅವ್ವನೇ ಅಂದ್ಳಂತಲ್ಲ? ಮಾವ ನಮ್ಮತ್ತೆಗೆ ಯೋಳವ್ರೆ. ಅದ್ನೇ ಕೇಳ್ತಿವ್ನಿ, ನಾನೇನ್ ತಪ್ಪು ಮಾಡ್ದೆ ಅಂತವ."

ನಾನು ಮಾವನ ಮುಖ ನೋಡಿದೆ. "ಅವಳ್ ಒಳ್ಳೇದ್ಕೇ ಯೋಳ್ದೆ ಕಣಮ್ಮಿ," ಅಂದರು. "ಮಗ ಅತ್ರೆ ಇವಳ್ಗೆ ಕೇಳ್ಸದಾ? ಕೇಳಿದ್ರೆ ಇವಳೂ ಅದ್ನೇ ಅಂತಿದ್ಲು."

ನನಗೆ ತಿಳಿದಿದ್ದ ಸನ್ನೆಗಳನ್ನೆಲ್ಲ ಒಟ್ಟುಗೂಡಿಸಿ ಅದನ್ನು ಚಿಕ್ಕಮ್ಮನಿಗೆ ದಾಟಿಸಿದೆ: ಮೀಸೆ, ಬಾಯಿ, ನೀನು, ಬೇಡ. ಅವಳು ಮಾವನತ್ತ ನೋಡಲೇ ಇಲ್ಲ. ನೇರ ಫೋನಿಗೆ ತಿರುಗಿ, ಸೆರಗಿನ ತುದಿಯನ್ನು ಹೊಸೆದು ಹಗ್ಗ ಮಾಡಿ, ಒಂದು ತುದಿಯನ್ನು ತನ್ನ ಮಣಿಕಟ್ಟಿಗೆ ಸುತ್ತಿದಳು. ಇನ್ನೊಂದು ತುದಿಯನ್ನು ಇಲ್ಲದ ತೊಟ್ಟಿಲಿಗೆ ಕಟ್ಟಿ, ಎಳೆದು, ಬೆಚ್ಚಿ ಕಣ್ಣು ಬಿಟ್ಟಳು. ಅತ್ತ ಮಂಜುಳ ಅಳುತ್ತಲೇ ನಗುತ್ತಿದ್ದಳು. "ನಂಗೂ ಅಂಗೇ ಕಟ್ಕತಿದ್ಲಂತೆ ಕಣಕ್ಕ. ನಾ ಕಾಲ್ ಆಡ್ಸಿದ್ರೆ ಸಾಕು, ಎದ್ದು ಕುಂತ್ಕತಿದ್ಲಂತೆ. ಬತ್ತೀನಿ ಅಂತ ಯೋಳಕ್ಕ. ಬ್ಯಾಡ, ನಾನೇ ಯೋಳ್ತೀನಿ." ಅವಳು ಎರಡೂ ಅಂಗೈಗಳನ್ನು ತನ್ನ ಎದೆಯತ್ತ ಎಳೆದುಕೊಂಡಳು. ಚಿಕ್ಕಮ್ಮನೂ ಹಾಗೇ ಮಾಡಿದಳು. ಬುಧವಾರದ ತೀರ್ಮಾನ ಬೀಗರಿಗೆ ಮುಂಚೆಯೇ ಆಗಿಹೋಯಿತು.

ಕರೆ ಮುಗಿದ ಮೇಲೆ ಚಿಕ್ಕಮ್ಮ ಎದ್ದು ಮಾವನೆದುರು ನಿಂತಳು. ಅವರು ಬಾಯಿ ತೆರೆದು ನನ್ನತ್ತ ನೋಡಿದರು, ನಾನೇನಾದರೂ ಹೇಳಿ ಕಾಪಾಡಲೆಂದು. ನಾನು ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡೆ. ಚಿಕ್ಕಮ್ಮ ಮೀಸೆಯ ಸನ್ನೆ ಮಾಡಿದಳು, ಅವರ ಬಾಯನ್ನು ತೋರಿಸಿದಳು, ತನ್ನ ಎದೆಯನ್ನು ಮುಟ್ಟಿಕೊಂಡಳು. ಆಮೇಲೆ ಒಂದೊಂದೇ ಬೆರಳು ಮಡಿಚುತ್ತ ಹೋದಳು. ಒಂದು ಕೈ ಮುಗಿದು ಇನ್ನೊಂದಕ್ಕೆ ಬಂದಳು, ಅದೂ ಮುಗಿದ ಮೇಲೆ ಬರಿದಾದ ಎರಡೂ ಅಂಗೈಗಳನ್ನು ಅವರ ಮುಂದೆ ಚಾಚಿ ನಿಂತಳು. ಅದಕ್ಕೆ ಯಾರ ಅನುವಾದವೂ ಬೇಕಿರಲಿಲ್ಲ: ಇಷ್ಟು ವರ್ಷಗಳಲ್ಲಿ ನಾನು ಹೇಳಿದೆನೆಂದು ನೀನು ಇನ್ನೂ ಏನೇನು ಹೇಳಿದ್ದೀಯ ಅಣ್ಣ?