ಸೋಸಿದ ಎಣ್ಣೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಗಾಡಿಯಿಂದ ಇಳಿದ ಹಳೆಯ ಎಣ್ಣೆ ಹಾಲಿಲ್ಲದ ಚಹಾದ ಬಣ್ಣದ್ದಾಗಿತ್ತು ಎಂದು ನನ್ನ ನೆನಪು. ಕಾಕಂಬಿಯಷ್ಟು ಕಪ್ಪಗಿತ್ತು ಎನ್ನುತ್ತಾನೆ ಅಪ್ಪ. ನಾನು ದಿನಚರಿ ಬರೆಯುವವಳು. ಇಂಥ ವಾದ ಹತ್ತಿದಾಗ ಪುಟ ತೆಗೆದು ತೋರಿಸಿ ಗೆಲ್ಲುವುದು ನನ್ನ ರೂಢಿ. ಆದರೆ ಆ ದಿನದ ಪುಟದಲ್ಲಿ ಇರುವುದು ಇಷ್ಟೇ: "ಗಾಡಿಯ ಎಣ್ಣೆ ಬದಲಾಯಿಸಿದೆವು. ಮಳೆ ಬರಲಿಲ್ಲ. ಮೊಣಕೈ ತರಚಿತು." ಬಣ್ಣದ ಸುದ್ದಿ ಇಲ್ಲ. ನನಗೆ ನಿಜಕ್ಕೂ ಬೇಕಾದ ಇನ್ನೊಂದು ಸಂಗತಿಯೂ ಇಲ್ಲ.

ಗಾಡಿ ಎಂದರೆ ಇಚಲಕರಂಜಿಯ ನಮ್ಮ ಮನೆಯ ಮುಂದೆ ಅರ್ಧ ಓಣಿ ನುಂಗಿ ನಿಲ್ಲುವ ಹಳೆಯ ವಿದೇಶಿ ಎಸ್‌ಯುವಿ. ಅಪ್ಪನನ್ನು ನಾವು ಅಣ್ಣಾ ಎಂದು ಕರೆಯುತ್ತೇವೆ. ಜೀವಮಾನವಿಡೀ ಪವರ್‌ಲೂಮ್ ಮಗ್ಗ ರಿಪೇರಿ ಮಾಡಿದವನು. ಕೊಲ್ಹಾಪುರದ ಫೌಂಡ್ರಿ ಮಾಲಕರೊಬ್ಬರ ಶೆಡ್ಡಿನಲ್ಲಿ ಧೂಳು ಹಿಡಿದು ನಿಂತಿದ್ದ ಈ ಗಾಡಿಯನ್ನು ಕಂಡು ಮರುಗಿ ಮನೆಗೆ ತಂದ. ಬೇರೆ ಗಾಡಿಗಳಲ್ಲಿ ಸ್ಪ್ರಿಂಗ್ ಮಾಡುವ ಕೆಲಸವನ್ನು ಇದರಲ್ಲಿ ಬಹುಪಾಲು ಎಣ್ಣೆ ಮಾಡುತ್ತದೆ. ಒಂದು ಗುಂಡಿ ಒತ್ತಿದರೆ ಪಂಪು ಎಣ್ಣೆಯನ್ನು ನಾಲ್ಕೂ ಚಕ್ರಗಳ ಕಡೆ ತಳ್ಳುತ್ತದೆ, ಗಾಡಿ ಎದ್ದು ನಿಲ್ಲುತ್ತದೆ. ಇನ್ನೊಂದನ್ನು ಒತ್ತಿದರೆ ಉಸಿರು ಬಿಟ್ಟು ಒಂಟೆಯಂತೆ ಕುಳಿತುಕೊಳ್ಳುತ್ತದೆ.

ಮೊದಲು ಇದು ಶೋಕಿಯಾಗಿತ್ತು. ಅವ್ವನ ಸೊಂಟದ ಕೀಲಿನ ಆಪರೇಶನ್ ಆದಮೇಲೆ ಅಗತ್ಯವಾಯಿತು. ತಗ್ಗಿನ ಸೀಟಿನಲ್ಲಿ ಕೂರಬಾರದು, ಎತ್ತರಕ್ಕೆ ಹತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಕಾರು ತಗ್ಗು, ಜೀಪು ಎತ್ತರ, ರಿಕ್ಷಾ ಎರಡೂ ಅಲ್ಲದಿದ್ದರೂ ಕುಲುಕಾಟ. ಕುಳಿತ ಗಾಡಿಯ ಸೀಟು ಮಾತ್ರ ಸರಿಯಾಗಿ ಅವಳ ಸೊಂಟದ ಮಟ್ಟಕ್ಕೆ ಬರುತ್ತಿತ್ತು. ಬೆನ್ನು ಮಾಡಿ ಕುಳಿತು, ಎರಡೂ ಕಾಲು ಒಟ್ಟಿಗೆ ಒಳಗೆ ತೆಗೆದುಕೊಂಡರೆ ಮುಗಿಯಿತು.

ಆ ವರ್ಷದ ಭಾದ್ರಪದದಲ್ಲಿ ಗಾಡಿ ಏಳುವುದಕ್ಕೂ ಕೂರುವುದಕ್ಕೂ ಸತಾಯಿಸತೊಡಗಿತು. ಗುಂಡಿ ಒತ್ತಿ, ಒಳಗೆ ಹೋಗಿ ಚಹಾ ಕುಡಿದು ಬಂದರೂ ಅರ್ಧಕ್ಕೇ ನಿಂತಿರುತ್ತಿತ್ತು. ಅದೇ ಹೊತ್ತಿಗೆ ಗಡಹಿಂಗ್ಲಜದಲ್ಲಿರುವ ಮಾವಶಿ, ಅಂದರೆ ಅವ್ವನ ಅಕ್ಕ, ದಶಲಕ್ಷಣ ಪರ್ವದ ಹತ್ತು ದಿನದ ಉಪವಾಸ ಹಿಡಿದಿದ್ದಳು. ಕಾಸಿ ಆರಿಸಿದ ನೀರು ಬಿಟ್ಟರೆ ಏನೂ ಇಲ್ಲ. ಅನಂತ ಚತುರ್ದಶಿಯ ಮರುದಿನ ಬೆಳಿಗ್ಗೆ ಪಾರಣೆ, ಉಪವಾಸ ಬಿಡುವುದು. ಮೊದಲ ಗುಟುಕು ತಂಗಿಯ ಕೈಯಿಂದಲೇ ಆಗಬೇಕೆಂದು ಅವಳು ಫೋನು ಮಾಡಿದ್ದಳು.

"ನೀ ಬರೂತನಾ ನಾ ಬಾಯಿ ಬಿಚ್ಚಂಗಿಲ್ಲ ನೋಡ."

"ಅಕ್ಕಾ, ವಯಸ್ಸರ ನೋಡ್ಕೋ. ನಾ ತಡಾ ಮಾಡಿದ್ರ?"

"ಮಾಡ. ಹನ್ನೊಂದನೇ ದಿನಾನೂ ಆಗತೈತಿ. ಪುಣ್ಯಾ ನಂಗ, ಪಾಪಾ ನಿಂಗ."

ಮಾವಶಿ ಎಪ್ಪತ್ತು ದಾಟಿದವಳು. ಹೇಳಿದ್ದನ್ನು ಮಾಡುವವಳು ಕೂಡ. ಫೋನಿಟ್ಟು ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಗಾಡಿಯ ಮುಖ ನೋಡಿದ.

ಕೊಲ್ಹಾಪುರದ ಮೆಕ್ಯಾನಿಕ್ ಗಾಡಿಯ ಕೆಳಗೆ ಬಗ್ಗಿಯೂ ನೋಡಲಿಲ್ಲ. "ಸ್ಪ್ರಿಂಗ್ ಘಾಲಾ ಕಾಕಾ, ವಿಷಯ ಸಂಪಲಾ," ಎಂದ. ಸ್ಪ್ರಿಂಗ್ ಹಾಕಿದರೆ ವಿಷಯ ನಿಜಕ್ಕೂ ಮುಗಿಯುತ್ತಿತ್ತು. ಗಾಡಿ ಮತ್ತೆಂದೂ ಕೂರುತ್ತಿರಲಿಲ್ಲ. "ಅವಗ ಎಣ್ಣಿ ಬದಲಿ ಮಾಡಾಕ ಬ್ಯಾಸರಾ," ಎಂದು ತೀರ್ಮಾನಿಸಿದ ಅಪ್ಪ, ಮುಂಬಯಿಯಿಂದ ಆ ಎಣ್ಣೆಯ ಡಬ್ಬಿಗಳನ್ನು ತರಿಸಿದ. ನಾನು ಕೊಲ್ಹಾಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಎಣ್ಣೆಯೂ ಒಂದು ರಸಾಯನವೇ ಎಂದು ನನ್ನನ್ನು ರಜೆ ಹಾಕಿಸಿ ಕರೆಸಿಕೊಂಡ.

ನನ್ನ ಕೆಲಸ ಓದುವುದು. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಇಂಗ್ಲಿಷ್ ಸೂಚನೆ, ಆರು ಹಾಳೆ. ಒಂದೊಂದು ಸಾಲನ್ನೂ ನಾನು ಕನ್ನಡದಲ್ಲಿ ಹೇಳಬೇಕು, ಅಪ್ಪ ಮಾಡಬೇಕು, ಆದ ಸಾಲಿನ ಮುಂದೆ ನಾನು ಪೆನ್ಸಿಲ್ಲಿನಿಂದ ಗುರುತು ಹಾಕಬೇಕು. ಮಗ್ಗದ ಕೆಲಸದಲ್ಲಿ ಅಪ್ಪ ಯಾರ ಮಾತನ್ನೂ ಕೇಳಿದವನಲ್ಲ. ಆ ದಿನ ಮಾತ್ರ ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದ. ಇದನ್ನು ಇಲ್ಲಿ ಬರೆದಿಡುವುದು ಅಗತ್ಯ.

ಕೆಲಸ ಕಷ್ಟದ್ದಲ್ಲ, ಜಿಗುಟಿನದು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಕೂರಿಸಬೇಕು. ಎಂಜಿನ್ ಬಂದ್ ಮಾಡಿ, ಅದು ಮೈಮೇಲೆ ಬೀಳದಂತೆ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಬೇಕು. ಪ್ರತಿ ಚಕ್ರದ ಹತ್ತಿರ ಒಂದು ಪುಟ್ಟ ನಿಪಲ್ ಇರುತ್ತದೆ. ಅದಕ್ಕೆ ಪಾರದರ್ಶಕ ಪೈಪು ಸಿಕ್ಕಿಸಿ, ಪೈಪಿನ ಇನ್ನೊಂದು ತುದಿಯನ್ನು ಬಾಟಲಿಗೆ ಇಳಿಬಿಟ್ಟು, ಹತ್ತರ ಪಾನಾದಿಂದ, ಅಂದರೆ ಹತ್ತನೇ ನಂಬರಿನ ಸ್ಪ್ಯಾನರಿನಿಂದ, ನಿಪಲ್ ಸಡಿಲಿಸಿದರೆ ಹಳೆಯ ಎಣ್ಣೆ ಬರುತ್ತದೆ. ಎಣ್ಣೆಯ ಜೊತೆ ಗಾಳಿಯ ಗುಳ್ಳೆಗಳು. ನಿಪಲ್ ಬಿಗಿದು, ಎಂಜಿನ್ ಹತ್ತಿರದ ಟಾಕಿಗೆ ಹೊಸ ಎಣ್ಣೆ ಸುರಿದು, ಗಾಡಿಯನ್ನು ಎಬ್ಬಿಸಿ ಮತ್ತೆ ಕೂರಿಸಿ, ಮತ್ತೆ ಸಡಿಲಿಸಬೇಕು. ಎಣ್ಣೆ ತಿಳಿಯಾಗಿ ಗುಳ್ಳೆ ನಿಲ್ಲುವವರೆಗೆ ಇದೇ. ಪೈಪು ಅವ್ವನ ಆಪರೇಶನ್ ಕಾಲದಲ್ಲಿ ತಂದು ಬಳಸದೆ ಉಳಿದ ಸಲೈನ್ ಪೈಪು. ಗಾಡಿಗೆ ಅದನ್ನು ಚುಚ್ಚಿದ್ದನ್ನು ಕಿಟಕಿಯಿಂದ ನೋಡಿದ ಅವ್ವ, "ಪೇಶಂಟ್ ಹೆಂಗ ಅದಾರ್ರಿ?" ಎಂದು ಕೇಳಿದಳು.

"ಶುದ್ಧಿ ಮ್ಯಾಲೆ ಅದಾರ, ಎಚ್ಚರ ತಪ್ಪಿಲ್ಲ," ಎಂದ ಅಪ್ಪ. ಪರ್ವದಲ್ಲಿ ಅವನದು ದಿನಕ್ಕೆ ಒಂದೇ ಊಟ, ಹಾಸ್ಯವೂ ಅಷ್ಟಕ್ಕಷ್ಟೇ.

ಟಾಕಿಗೆ ಹೊಸ ಎಣ್ಣೆ ಸುರಿಯುವ ಹೊತ್ತು ಬಂದಾಗ ಅವನು ಕೈ ತಡೆದ.

"ಯವ್ವಾ, ಒಳಗಿಂದ ನೀರ ಸೋಸೂ ಅರಿವಿ ತೊಗೊಂಡ ಬಾ. ಹೊಸಾದು."

"ಎಣ್ಣಿಗೇನಣ್ಣಾ?"

"ಮತ್ತ? ಡಬ್ಬಿಯಾಗ ಯಾರ ಇಳದ ನೋಡ್ಯಾರ?"

ನಮ್ಮದು ಜೈನರ ಮನೆ. ಸೋಸದ ನೀರು ಒಳಗೆ ಬರುವುದಿಲ್ಲ. ಎರಡು ಪದರಾಗಿ ಮಡಿಚಿದ ಬಿಳಿ ಅರಿವೆಯನ್ನು ಕೊಡದ ಬಾಯಿಗೆ ಹಾಕಿ ನೀರು ಸುರಿಯುವುದು, ಅರಿವೆಗೆ ಅಂಟಿದ ಸೂಕ್ಷ್ಮ ಜೀವಗಳನ್ನು ಬಂದ ನೀರಿಗೇ ಮರಳಿಸುವುದು, ಇದನ್ನು ನೋಡುತ್ತಲೇ ನಾನು ಬೆಳೆದದ್ದು. ಚಾತುರ್ಮಾಸಕ್ಕೆ ಹೊಸ ಅರಿವೆ ತೆಗೆಯುತ್ತಾರೆ. ಆ ವರ್ಷದ್ದು ಅಪ್ಪನೇ ಸರಿಪಡಿಸಿದ ಮಗ್ಗದಲ್ಲಿ ನೇಯ್ದದ್ದು. ಅದರ ಬಗ್ಗೆ ಅವನಿಗೆ ಸ್ವಲ್ಪ ಹೆಮ್ಮೆಯೂ ಇತ್ತು. ಅದರಲ್ಲಿ ಒಂದು ತುಂಡು ಇನ್ನೂ ಬಳಸದೆ, ತೊಳೆಯದೆ, ಅಂಚು ಮಡಿಚದೆ ಇತ್ತು.

"ಮೀಸಲ ಅರಿವಿ ಐತ್ರಿ ಅದು!" ಎಂದು ಅವ್ವ ಒಳಗಿಂದ ಕೂಗಿದಳು. "ಎಣ್ಣಿ ಹತ್ತಿದ ಮ್ಯಾಲೆ ನಾ ಮುಟ್ಟಂಗಿಲ್ಲ."

"ಗಾಡಿಗೆ ಮೀಸಲ ಆಗ್ಲಿ ಬಿಡ. ನಿನ್ನ ಹೊತ್ಕೊಂಡ ಹೋಗೂದು ಅದs."

ನಾನು ಅರಿವೆ ತಂದುಕೊಟ್ಟೆ. ಅಪ್ಪ ಅದನ್ನು ಟಾಕಿಯ ಬಾಯಿಗೆ ಹಾಸಿ, ಕೊಡಕ್ಕೆ ಸುರಿಯುವ ಹಾಗೆಯೇ ನಿಧಾನವಾಗಿ ಸುರಿದ. ಅರಿವೆಯಲ್ಲಿ ಏನೂ ಉಳಿಯಲಿಲ್ಲ. "ಸ್ವಚ್ಛ ಐತಿ," ಎಂದು ಒಪ್ಪಿಕೊಂಡ. ಸಂಜೆಗೆ ಮೊದಲೇ ನಾಲ್ಕೂ ಚಕ್ರ ಮುಗಿದವು. ಗಾಡಿ ಎದ್ದಿತು, ಕುಳಿತಿತು. ಅವ್ವ ಗಡಹಿಂಗ್ಲಜಕ್ಕೆ ಉಡಬೇಕಾದ ಸೀರೆ ತೆಗೆದಿಟ್ಟಳು.

ಮರುದಿನ ಚತುರ್ದಶಿ. ಬೆಳಿಗ್ಗೆ ಗುಂಡಿ ಒತ್ತಿದರೆ ಪಂಪು ಒಣಕೆಮ್ಮು ಕೆಮ್ಮಿತು. ಗಾಡಿ ಕುಳಿತಲ್ಲಿಂದ ಏಳಲಿಲ್ಲ. ಅಪ್ಪ ಟಾಕಿ ಬಿಚ್ಚಿ, ಒಳಗಿನ ಜಾಳಿಗೆಯನ್ನು ಹೊರಗೆ ತೆಗೆದ. ಜಾಳಿಗೆಯ ಮೇಲೆ ಬಿಳಿಯ ಉಣ್ಣೆಯಂಥ ಪದರ. ಬೆರಳಲ್ಲಿ ಹೊಸೆದು ನೋಡಿದ. ಆ ಊರಿನಲ್ಲಿ ಅವನಿಗಿಂತ ಚೆನ್ನಾಗಿ ಅದನ್ನು ಗುರುತಿಸುವವರು ಇರಲಿಕ್ಕಿಲ್ಲ.

"ನೂಲು," ಎಂದ.

ನಾನು ಹಾಳೆಗಳನ್ನು ತಿರುವಿದೆ. ನಾಲ್ಕನೆಯ ಹಾಳೆಯ ಕೊನೆಯ ಸಾಲು ಇದ್ದದ್ದು ಹೀಗೆ: ಡಬ್ಬಿಯಿಂದ ನೇರವಾಗಿ ಸುರಿಯಿರಿ, ಬಟ್ಟೆ ಬಳಸಬೇಡಿ, ಎಳೆಗಳು ಪಂಪಿನಲ್ಲೂ ವಾಲ್ವುಗಳಲ್ಲೂ ಸಿಕ್ಕಿಕೊಳ್ಳುತ್ತವೆ. ನಾನು ಅದನ್ನು ಅಪ್ಪನಿಗೆ ತೋರಿಸಲಿಲ್ಲ. ಹಿಂದಿನ ದಿನ ಓದಿ ಹೇಳಿದ್ದೇನೆ, ಅವನೇ ಕಿವಿಗೆ ಹಾಕಿಕೊಂಡಿಲ್ಲ ಎಂದು ಆ ಕ್ಷಣದಲ್ಲಿ ನನಗೆ ಖಾತ್ರಿಯಿತ್ತು. ಆ ಖಾತ್ರಿ ಎಷ್ಟು ಬೇಗ ಬಂತು ಎಂಬುದೇ ಈಗ ನನಗೆ ಅನುಮಾನ ಹುಟ್ಟಿಸುತ್ತದೆ. ಕೊಲ್ಹಾಪುರದಲ್ಲಿ ನಾನು ಕುಡಿಯುವುದು ಅರಿವೆಯಲ್ಲಿ ಸೋಸಿದ್ದಲ್ಲ, ಮಶಿನ್ನಿನ ನೀರು. ಈ ವಿಷಯದಲ್ಲಿ ಅಪ್ಪ ಒಮ್ಮೆಯೂ ನನ್ನನ್ನು ಚುಚ್ಚಿದವನಲ್ಲ. ಅವನು ಅರಿವೆ ಕೇಳಿದಾಗ, ನಿನ್ನ ಸೋಸುವಿಕೆ ತಪ್ಪು ಎಂದು ಇಂಗ್ಲಿಷ್ ಹಾಳೆ ಹಿಡಿದು ಹೇಳಲು ನಾಲಿಗೆ ಹಿಂಜರಿದಿರಬಹುದು. ಇರಬಹುದು, ಅಷ್ಟೇ.

ಜಾಳಿಗೆ ತೊಳೆದೆವು. ಟಾಕಿಯ ಎಣ್ಣೆಯನ್ನು ಚೆಲ್ಲಿ, ಉಳಿದ ಒಂದೇ ಡಬ್ಬಿಯನ್ನು ಈ ಸಲ ಸೋಸದೆ ಸುರಿದೆವು. ಮುಂದಿನ ಎರಡು ಚಕ್ರಗಳ ಗಾಳಿ ತೆಗೆಯುವಷ್ಟಕ್ಕೆ ಎಣ್ಣೆ ಮುಗಿಯಿತು. ಅಂದು ಗಣಪತಿ ಬಿಡುವ ದಿನ. ಓಣಿಯಲ್ಲಿ ಡಾಲ್ಬಿ ಸ್ಪೀಕರುಗಳ ಅಬ್ಬರ, ಅಂಗಡಿಗಳೆಲ್ಲ ಬಂದ್. ಕೊಲ್ಹಾಪುರದ ಮೆಕ್ಯಾನಿಕ್ ಫೋನೆತ್ತಿದನಾದರೂ ತಾಶೆಯ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಗಾಡಿಯ ಮುಂಭಾಗ ಎದ್ದಿತು, ಹಿಂಭಾಗ ಕುಳಿತೇ ಇತ್ತು.

"ಅರ್ಧಾ ಐತ್ರಿ ಇದು," ಎಂದಳು ಅವ್ವ.

"ನೀ ಕೂಡೂ ಅರ್ಧಾ ಸರಿ ಐತೆಲ್ಲಾ?"

ಮರುದಿನ ಬೆಳಕು ಹರಿಯುವಾಗ ಹೊರಟೆವು. ಮುಂಭಾಗ ಮನೆಯ ಮುಂದೆ ಕುಳಿತಿತು, ಅವ್ವ ಹತ್ತಿದಳು, ಮುಂಭಾಗ ಎದ್ದಿತು. ನಿಪ್ಪಾಣಿ ದಾಟಿ ಸಂಕೇಶ್ವರದವರೆಗೆ ಟ್ರ್ಯಾಕ್ಟರುಗಳು ನಮ್ಮನ್ನು ಹಿಂದೆ ಹಾಕಿದವು. ಹಿಂದಿನ ಸೀಟಿನಲ್ಲಿದ್ದ ನನಗೆ ರಸ್ತೆ ಕಾಣಲಿಲ್ಲ, ಆಕಾಶ ಕಂಡಿತು. ರಸ್ತೆಯ ಪ್ರತಿಯೊಂದು ಕಲ್ಲೂ ತನ್ನ ಪರಿಚಯ ಮಾಡಿಕೊಂಡಿತು. ಎಂಟಕ್ಕೆ ಮಾವಶಿಯ ಸೊಸೆಯ ಫೋನು: "ಅತ್ತಿ ಗೋಡಿ ಹಿಡದ ಕುಂತಾರ್ರಿ. ಕಟ್ಟ ಆರಾಕತ್ತೈತಿ. ಎಲ್ಲಿ ಅದೀರಿ?" ಕಟ್ಟು ಅಂದರೆ ಹೆಸರುಕಾಳು ಬೇಯಿಸಿ ಬಸಿದ ನೀರು, ಪಾರಣೆಗೆ ಮೊದಲು ಅದೇ. ಒಂಬತ್ತಕ್ಕೆ ಇನ್ನೊಂದು ಫೋನು. ಅವ್ವ ಅದನ್ನು ಎತ್ತಲಿಲ್ಲ. ಅಪ್ಪನಿಗೆ ಬೇಗ ನಡೆ ಎನ್ನಲೂ ಇಲ್ಲ. ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ಇದ್ದಳು.

ಹತ್ತರ ಸುಮಾರಿಗೆ ಮಾವಶಿಯ ಬಾಗಿಲಿಗೆ ಬಂದೆವು. ಅಪ್ಪ ಗುಂಡಿ ಒತ್ತಿದ. ಎದ್ದು ನಿಂತ ಮುಂಭಾಗ ಕೂರಲಿಲ್ಲ. ಮತ್ತೆ ಒತ್ತಿದ. "ವಾಲ್ವಿನಾಗ ಎಳಿ ಸಿಕ್ಕೈತಿ," ಎಂದು ಯಾರಿಗೂ ಅಲ್ಲದಂತೆ ಹೇಳಿದ. ಅವ್ವ ಮೇಲೆ ಸೀಟಿನಲ್ಲಿ, ಅಕ್ಕ ಒಳಗೆ ಪಡಸಾಲೆಯಲ್ಲಿ. ನಡುವೆ ಹತ್ತು ಹೆಜ್ಜೆ. ನಾನೂ ಸೊಸೆಯೂ ಹಿಡಿದು ಇಳಿಸುತ್ತೇವೆ ಎಂದರೆ ಅಪ್ಪ ಬಿಡಲಿಲ್ಲ.

ಆಗ ಮಾವಶಿ ಹೊರಗೆ ಬಂದಳು. ಸೊಸೆಯ ಭುಜದ ಮೇಲೆ ಕೈಯಿಟ್ಟು, ನಡುವೆ ಎರಡು ಸಲ ನಿಂತು, ಗಾಡಿಯ ಬಾಗಿಲ ಹತ್ತಿರ ಬಂದು ಮೇಲೆ ನೋಡಿದಳು.

"ಉಪಾಸ ಮಾಡಿದಾಕಿ ನಾ. ಸಿಂಹಾಸನದ ಮ್ಯಾಲೆ ಕುಂತಾಕಿ ನೀ."

"ಇಳಿಯಾಕ ಬರವಲ್ದು ಅಕ್ಕಾ."

"ಇಳಿಬ್ಯಾಡ. ಹಾಕ."

ಎರಡೂ ಕೈ ಬೊಗಸೆ ಮಾಡಿ ಎತ್ತಿ ಹಿಡಿದಳು. ಅವ್ವ ಮೇಲಿನಿಂದ ಬಾಗಿ, ಸೊಸೆ ಕೊಟ್ಟ ಬಟ್ಟಲಿನಿಂದ ಕಟ್ಟನ್ನು ಸಣ್ಣಗೆ ಸುರಿದಳು. ಅರ್ಧ ಬೊಗಸೆಗೆ ಬಿತ್ತು, ಅರ್ಧ ಮೆಟ್ಟಿಲಿಗೆ. ಕುಡಿದು ಮಾವಶಿ, "ಉಪ್ಪ ಹೆಚ್ಚಾಗೈತಿ," ಎಂದಳು. ಸೊಸೆ ತಾನು ಉಪ್ಪೇ ಹಾಕಿಲ್ಲ ಎಂದಳು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ನಾವು ಬೇರೆ ಕಡೆ ನೋಡುತ್ತಿರುವಾಗ ಗಾಡಿ ಉಸಿರು ಬಿಟ್ಟು ತಾನಾಗಿಯೇ ಕುಳಿತಿತು. ಅವ್ವ ಇಳಿದು ಒಳಗೆ ನಡೆದಳು.

ಊಟದ ಹೊತ್ತಿಗೆ ಮಾವಶಿ ವಿಚಾರಣೆ ಶುರು ಮಾಡಿದಳು. ಎಣ್ಣೆ ಸೋಸಿದ್ದು ಯಾರು, ಅರಿವೆ ಯಾರದು, ಕಾಲೇಜಿನಲ್ಲಿ ಕಲಿಸುವ ಮಗಳು ಅಲ್ಲಿ ಏನು ಮಾಡುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಆಕಿ ಓದಿ ಹೇಳಿದ್ಳು. ಅರಿವಿ ಹಚ್ಚಬ್ಯಾಡ ಅಂತ. ನಾನs ಕೇಳಲಿಲ್ಲ," ಎಂದ.

ನನಗೆ ಸಮಾಧಾನವಾಯಿತು. ನನ್ನ ನೆನಪಿಗೆ ಸಾಕ್ಷಿ ಸಿಕ್ಕಿತ್ತು. ವಾಪಸು ಬರುವಾಗ ಎಲ್ಲೋ ದಾರಿಯಲ್ಲಿ ಹೊಳೆಯಿತು: ಎಣ್ಣೆ ಬದಲಾಯಿಸಿದ ದಿನವಿಡೀ ನಾನು ಹೇಳಿದ ಒಂದು ಸಾಲನ್ನೂ ಅವನು ಮೀರಿರಲಿಲ್ಲ. ಹತ್ತು ದಿನದ ಪರ್ವದಲ್ಲಿ ಒಂದು ದಿನ ಸತ್ಯಕ್ಕೇ ಮೀಸಲು. ಪರ್ವದಲ್ಲಿ ಅಪ್ಪ ಸುಳ್ಳು ಹೇಳುವವನಲ್ಲ. ಆದರೆ ಪರ್ವ ಹಿಂದಿನ ದಿನವೇ ಮುಗಿದಿತ್ತು.

ಈ ವರ್ಷ ಮತ್ತೆ ಎಣ್ಣೆ ಬದಲಾಯಿಸಿದೆವು. ಅದೇ ಹಾಳೆಗಳು, ಅದೇ ಸಲೈನ್ ಪೈಪು. ಡಬ್ಬಿಯಿಂದ ನೇರ ಟಾಕಿಗೆ. ನಾಲ್ಕನೆಯ ಹಾಳೆಯಲ್ಲಿ ಎಲ್ಲ ಸಾಲುಗಳ ಮುಂದೆ ನನ್ನ ಹಳೆಯ ಪೆನ್ಸಿಲ್ ಗುರುತುಗಳಿವೆ. ಕೊನೆಯ ಸಾಲಿನ ಮುಂದೆ ಅಪ್ಪನ ಎಣ್ಣೆ ಹೆಬ್ಬೆರಳು ಒತ್ತಿ ಕಂದಾಗಿದೆ. ಅದರ ಕೆಳಗೆ ಗುರುತು ಇರಬಹುದು, ಇಲ್ಲದಿರಬಹುದು. ಬೆಳಕಿಗೆ ಹಿಡಿದು ನೋಡಿದೆ.

ಅಪ್ಪ ಹಿಂದಿನ ಎಡಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಪೈಪಿನಲ್ಲಿ ಬರುವ ಗುಳ್ಳೆಗಳನ್ನು ಎಣಿಸುತ್ತಿದ್ದ. ಕೈ ಚಾಚಿದ, ಹತ್ತರ ಪಾನಾ ಕೊಟ್ಟೆ. ನಿಪಲ್ ಬಿಗಿದು ಮುಂದಿನ ಚಕ್ರಕ್ಕೆ ಸರಿಯುವ ಮೊದಲು ಕೇಳಿಯೇಬಿಟ್ಟೆ.

"ಅಣ್ಣಾ, ಆ ಸಾಲ ನಾ ಖರೇನ ಓದಿದ್ನೇನ?"